ಸುಮಾಳ ಕೂದಲು ಉದುರಲಿಲ್ಲ

ತಂಗಿಯ ಎದೆಯಲ್ಲಿ ಸಿಕ್ಕ ಗಂಟು ಕ್ಯಾನ್ಸರೇ ಎಂದು ಗೊತ್ತಾದ ಸಂಜೆ ಸತ್ಯವತಿ ಮನಸಾರೆ ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ಅಟ್ಟದ ಮೇಲಿದ್ದ ಟ್ರಂಕನ್ನು ಗಂಡನಿಂದ ಇಳಿಸಿಕೊಂಡಳು. ಅದರಲ್ಲಿ ಅವಳ ಹಳೆಯ ಹತ್ತಿ ಸ್ಕಾರ್ಫುಗಳಿದ್ದವು. ಒಂದೊಂದನ್ನೇ ಕೊಡವಿ ಬಕೆಟ್ಟಿನಲ್ಲಿ ನೆನೆಹಾಕಿದಳು.

"ಈಗ್ಲೇ ಯಾಕೆ ಇದೆಲ್ಲ?" ಎಂದ ಗುಂಡಣ್ಣ.

"ನಿಮಗೇನ್ರೀ ಗೊತ್ತು? ಎರಡನೇ ಸಲ ಡ್ರಿಪ್ ಹಾಕೋ ಹೊತ್ತಿಗೆ ದಿಂಬಿನ ತುಂಬ ಕೂದಲಿರುತ್ತೆ. ಆಗ ಹುಡುಕ್ತಾ ಕೂತ್ಕೊಳ್ಳೋಕಾಗುತ್ತಾ?"

ಗುಂಡಣ್ಣ ಬಕೆಟ್ಟಿಗೆ ಇನ್ನಷ್ಟು ನೀರು ತುಂಬಿದ. ಈ ವಿಷಯದಲ್ಲಿ ಮನೆಯಲ್ಲೇ ಏನು, ಇಡೀ ಬಳಗದಲ್ಲಿ ಅವಳ ಮಾತೇ ಕೊನೆಯ ಮಾತು. ಹನ್ನೊಂದು ವರ್ಷದ ಹಿಂದೆ ಇದೇ ಕಾಯಿಲೆಯನ್ನು ಅವಳೇ ಅನುಭವಿಸಿ ದಾಟಿದ್ದಳು. ಯಾರ ಮನೆಯಲ್ಲಿ ಯಾರಿಗೆ ಗಂಟು ಕಂಡರೂ ಮೊದಲ ಫೋನು ಯಲಹಂಕದ ಸತ್ಯಕ್ಕನಿಗೇ ಬರುತ್ತಿತ್ತು.

ಅದಕ್ಕೂ ಮೊದಲು ಸತ್ಯಕ್ಕ ಎಂದರೆ ಜನಕ್ಕೆ ನೆನಪಾಗುತ್ತಿದ್ದದ್ದು ಬೇರೆಯೇ. ಹಳೇ ಯಲಹಂಕದ ಪೇಟೆಬೀದಿಯಲ್ಲಿ ಅವಳದೊಂದು ಸಣ್ಣ ಅಂಗಡಿ. ಮದುವೆಹೆಣ್ಣುಗಳಿಗೆ ಮೊಗ್ಗಿನ ಜಡೆ ಕಟ್ಟುವುದು ಅವಳ ಕಸುಬು. ದುಂಡುಮಲ್ಲಿಗೆ ಮೊಗ್ಗನ್ನು ಎರಡು ಬೆರಳ ನಡುವೆ ಹಿಡಿದರೆ ಸಾಕು, ಇದು ಧಾರೆಯ ಹೊತ್ತಿನವರೆಗೆ ಮೊಗ್ಗಾಗಿಯೇ ಇರುತ್ತದೋ, ಮೊದಲೇ ಅರಳಿ ಸಾಲು ಕೆಡಿಸುತ್ತದೋ ಎಂದು ಹೇಳಿಬಿಡುತ್ತಿದ್ದಳು. ಆಮೇಲೆ ಕಾಯಿಲೆ ಬಂತು, ಕೀಮೋ ಬಂತು. ಬಾಯೊಳಗೆ ಹುಣ್ಣೆದ್ದು ನೀರು ಕೂಡ ಕತ್ತಿಯಂತೆ ಇಳಿಯುತ್ತಿತ್ತು. ಒಗ್ಗರಣೆಯ ವಾಸನೆ ಪಕ್ಕದ ಮನೆಯಿಂದ ಬಂದರೂ ಕರುಳು ಕಿತ್ತು ಬರುವಂತೆ ವಾಂತಿ. ತಲೆ ಬೋಳಾಯಿತು, ಹುಬ್ಬು ಕೂಡ ಹೋಯಿತು. ಆ ದಿನಗಳಲ್ಲೆಲ್ಲ ಪಕ್ಕದಲ್ಲಿ ಬೇಸಿನ್ ಹಿಡಿದು ಕೂತವಳು ಸುಮಾ. ಅಕ್ಕನ ಬೆನ್ನು ನೀವುತ್ತಾ, "ಆಯ್ತು ಕಣೆ, ಆಯ್ತು, ಇನ್ನೊಂದೇ ಸಲ" ಎನ್ನುತ್ತಿದ್ದಳು.

ಕೂದಲು ಮತ್ತೆ ಬಂತು. ರುಚಿಯೂ ಮರಳಿತು. ಬೆರಳು ಮಾತ್ರ ಮೊದಲಿನಂತಾಗಲಿಲ್ಲ. ತುದಿಗಳಿಗೆ ಯಾರೋ ಬಟ್ಟೆ ಸುತ್ತಿಟ್ಟ ಹಾಗೆ ಜೋಮು. ಸೂಜಿ ಚುಚ್ಚಿದರೂ ರಕ್ತ ಕಂಡ ಮೇಲೆಯೇ ತಿಳಿಯುವುದು. ಕೀಮೋದಿಂದ ನರ ಹಾಳಾಗಿವೆ, ಕೆಲವರಿಗೆ ವಾಸಿಯಾಗುತ್ತೆ, ಕೆಲವರಿಗೆ ಇಲ್ಲ ಎಂದಿದ್ದರು ಡಾಕ್ಟರು. ಇವಳಿಗೆ ಆಗಲಿಲ್ಲ. ಅಂಗಡಿಯನ್ನು ಸುಮಾಳಿಗೆ ಕೊಟ್ಟಳು. ಕಸುಬು ಕಲಿಸಿದ್ದೂ ಅವಳೇ ಆದ್ದರಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಜನ "ಸುಮಕ್ಕನ ಜಡೆ" ಎನ್ನುತ್ತಾರೆ. ಆ ಮಾತು ಮೊದಮೊದಲು ಚುಚ್ಚುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಅಂಥ ತಂಗಿಗೆ ಈಗ ಅದೇ ಕಾಯಿಲೆ. ಸತ್ಯವತಿಗೆ ದುಃಖದ ಜೊತೆಗೇ ಒಂದು ಬಗೆಯ ಹುರುಪೂ ಬಂದಿತ್ತು. ಅವಳು ಮಾಡಿದ್ದನ್ನೆಲ್ಲ ಈಗ ನಾನು ಅವಳಿಗೆ ಮಾಡಬೇಕು ಎಂದುಕೊಂಡಳು. ಸುಮಾಳ ಗಂಡ ಗುರುಚರಣ್‌ಗೆ ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಪಾಳಿ ಕೆಲಸ. ಆಸ್ಪತ್ರೆಗೆ ಓಡಾಡಲು ಅವನಿಗೆ ಪುರುಸೊತ್ತಿಲ್ಲ. "ನೀವಿದ್ದೀರಲ್ಲ ಅತ್ತಿಗೆ, ನಂಗೆ ಧೈರ್ಯ" ಎಂದ. ಹೌದು, ನಾನಿದ್ದೀನಿ ಎಂದಳು.

ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರ್ ಅಸ್ಮಾ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಸುಮಾಳ ಗಂಟಿನ ಜೀವಕೋಶಗಳ ಮೇಲೆ ಒಂದು ಗುರುತು ಸಿಕ್ಕಿದೆ. ಅಂಥವರಿಗೆಂದೇ ಒಂದು ಔಷಧಿಯನ್ನು ಇಲ್ಲಿ ಪರೀಕ್ಷೆಯಾಗಿ ಕೊಡುತ್ತಿದ್ದೇವೆ. ಒಪ್ಪಿದರೆ ಸೇರಿಸಿಕೊಳ್ಳುತ್ತೇವೆ.

"ಅದೂ ಕೀಮೋನೇ. ಆದ್ರೆ ಮೈಯೆಲ್ಲಾ ಸುತ್ತಿದ್ರೂ ಎಲ್ಲೆಲ್ಲೂ ಬಿಚ್ಕೊಳ್ಳಲ್ಲ. ಆ ಗುರುತಿರೋ ಜೀವಕೋಶ ಹುಡುಕಿ, ಅದರ ಒಳಗೆ ಹೋಗಿ, ಹೆಚ್ಚುಪಾಲು ಅಲ್ಲೇ ಬಿಚ್ಕೊಳ್ಳುತ್ತೆ. ಹಾಗಾಗಿ ವಾಂತಿ, ಕೂದಲು ಉದುರೋದು ಕಮ್ಮಿ ಇರಬಹುದು. ಸುಸ್ತಾಗುತ್ತೆ, ಲಿವರ್ ನೋಡ್ಕೋಬೇಕು, ರಕ್ತ ಪರೀಕ್ಷೆ ಮಾಡ್ತಿರ್ತೀವಿ. ಗಂಟು ಕುಗ್ಗಿದ್ಮೇಲೆ ಆಪರೇಷನ್."

"ಕಮ್ಮಿ ಇರಬಹುದು ಅಂತಾರೆ, ನಂಗೂ ಹಾಗೇ ಹೇಳಿದ್ರು" ಎಂದು ಸತ್ಯವತಿ ಹೊರಗೆ ಬಂದು ತಂಗಿಯ ಕೈ ಹಿಡಿದಳು. "ನೀನೇನೂ ಹೆದರ್ಕೋಬೇಡ. ನಾನಿದ್ದೀನಿ."

ಮೊದಲ ಡ್ರಿಪ್ಪಿನ ದಿನ ಅವಳ ಚೀಲದಲ್ಲಿ ಬೇಸಿನ್, ಟವೆಲು, ಶುಂಠಿ, ಹೆರಳೆಕಾಯಿ ಉಪ್ಪಿನಕಾಯಿ ಎಲ್ಲ ಇತ್ತು. ಸಣ್ಣದೊಂದು ಚೀಲದ ಔಷಧಿ ಹನಿಹನಿಯಾಗಿ ಇಳಿದು ಮುಗಿಯಿತು. ಸುಮಾ ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು, "ಅಕ್ಕ, ಹಸಿವಾಗ್ತಿದೆ. ದೋಸೆ ತಿನ್ನೋಣ್ವಾ?" ಎಂದಳು.

ಸತ್ಯವತಿ ಅವಳ ಮುಖವನ್ನೇ ನೋಡಿದಳು. ದಾರಿಯಲ್ಲಿ ಹೋಟೆಲಿನಲ್ಲಿ ಕೂತು ಸುಮಾ ಮಸಾಲೆ ದೋಸೆ ತಿಂದಳು, ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡಳು. ಅಕ್ಕನಿಗೇ ತುತ್ತು ಇಳಿಯಲಿಲ್ಲ.

ಅಲ್ಲಾಳಸಂದ್ರದ ತಂಗಿಯ ಮನೆಯಲ್ಲೇ ಅವಳು ಉಳಿದಳು. ಬೇಸಿನ್ನನ್ನು ಮಂಚದ ಪಕ್ಕ ಇಟ್ಟಳು. ಮರುದಿನ ಸುಮಾಳಿಗೆ ತಲೆ ಭಾರ, ಮಧ್ಯಾಹ್ನ ಒಂದಷ್ಟು ಮಲಗಿದಳು, ಎದ್ದು ಅನ್ನ ಸಾರು ಉಂಡಳು. "ಇವತ್ತು ಏನೂ ಗೊತ್ತಾಗಲ್ಲ, ನಾಳೆ ಶುರುವಾಗುತ್ತೆ" ಎಂದಳು ಸತ್ಯವತಿ. ಮರುದಿನವೂ ಏನೂ ಶುರುವಾಗಲಿಲ್ಲ. ವಾರ ಮುಗಿಯುವ ಮೊದಲೇ ಸುಮಾ ಸ್ಕೂಟರ್ ತೆಗೆದು ಅಂಗಡಿಗೆ ಹೊರಟಳು. ಬೇಸಿನ್ನಿನಲ್ಲಿ ಕೆಲಸದವಳು ಬಟ್ಟೆ ನೆನೆಹಾಕಿದಳು.

ಸತ್ಯವತಿ ಮನೆಗೆ ಬಂದಳು. ಸಂತೋಷಪಡಬೇಕು ಎಂದು ತನಗೇ ಹೇಳಿಕೊಂಡಳು. ದೇವರ ಮುಂದೆ ತುಪ್ಪದ ದೀಪವನ್ನೂ ಹಚ್ಚಿದಳು. ಆದರೆ ದೀಪ ಹಚ್ಚುವಾಗ ಕಡ್ಡಿಯ ಬಿಸಿ ಬೆರಳಿಗೆ ತಾಗಿದ್ದು ಕೂಡ ಗೊತ್ತಾಗಲಿಲ್ಲ. ಉಗುರು ಕಪ್ಪಾಗಿದ್ದನ್ನು ನೋಡಿದಾಗ ಹೊಟ್ಟೆಯೊಳಗೆ ಏನೋ ಭಗ್ಗೆಂದಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಕಾಯಿಲೆ. ಅವಳಿಗೆ ದೋಸೆ, ನನಗೆ ಬೇಸಿನ್.

ಎರಡನೇ ಡ್ರಿಪ್ಪೂ ಮುಗಿದ ಮೇಲೆ ಅವಳು ಕೂದಲಿಗಾಗಿ ಕಾದಳು. ಹೀಗೆ ಕಾಯುವುದು ಪಾಪ ಎಂದು ಗೊತ್ತಿತ್ತು, ಗೊತ್ತಿದ್ದೂ ಕಾದಳು. ತಂಗಿಯ ಮನೆಗೆ ಹೋದಾಗ ಬಚ್ಚಲ ಮೋರಿಯ ಜಾಲರಿಯನ್ನು ನೋಡುವಳು. ದಿಂಬಿನ ಕವರನ್ನು ಬೆಳಕಿಗೆ ಹಿಡಿಯುವಳು. ಒಂದು ಭಾನುವಾರ, "ಬಾರೆ, ತಲೆ ಬಾಚ್ತೀನಿ. ಎಷ್ಟು ದಿನ ಆಯ್ತು ನಿಂಗೆ ಜಡೆ ಹಾಕಿ" ಎಂದು ಕೂರಿಸಿಕೊಂಡಳು. ಸುಮಾಳ ಕೂದಲು ಸೊಂಟದವರೆಗೆ ಇತ್ತು. ಸತ್ಯವತಿ ಬಾಚಣಿಗೆಯನ್ನು ಬೇಕಾದ್ದಕ್ಕಿಂತ ಒಂದು ಚೂರು ಜೋರಾಗಿಯೇ ಎಳೆದಳು.

"ಅಯ್ಯೋ, ನಿಧಾನ ಅಕ್ಕ!"

ಬಾಚಣಿಗೆಯ ಹಲ್ಲಿನಲ್ಲಿ ಸಿಕ್ಕಿದ್ದು ಯಾರ ತಲೆಯಲ್ಲಿಯೂ ಸಿಗುವಷ್ಟೇ ಕೂದಲು. ಅದನ್ನು ಬೆರಳಿಗೆ ಸುತ್ತಿ ಎಸೆಯುವಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದರೂ ಉರಿ ಆರಲಿಲ್ಲ.

ಆ ಉರಿಗೆ ತುಪ್ಪ ಸುರಿದದ್ದು ಯಲಹಂಕ ಉಪನಗರದ ಕಲ್ಯಾಣಮಂಟಪದಲ್ಲಿ, ನೆಂಟರ ಮದುವೆಯಲ್ಲಿ. ಹುಡುಗಿಗೆ ಜಡೆ ಕಟ್ಟಿದ್ದು ಸುಮಾ. ಬಂದವರೆಲ್ಲ ಮೊದಲು ಮದುವೆಹೆಣ್ಣಿನ ಜಡೆ ನೋಡಿ, ಆಮೇಲೆ ಸುಮಾಳನ್ನು ನೋಡಿ ಬಾಯಿ ಬಿಡುತ್ತಿದ್ದರು. ಸೋದರತ್ತೆ ಸುಬ್ಬಲಕ್ಷ್ಮಮ್ಮ ಊಟದ ಪಂಕ್ತಿಯಲ್ಲಿ ಅಕ್ಕತಂಗಿಯರ ನಡುವೆಯೇ ಕೂತರು.

"ಕಾಯ್ಲೆ ಅಂತ ಯಾರಾದ್ರೂ ಹೇಳ್ತಾರಾ ಇವಳ್ನ ನೋಡಿದ್ರೆ? ಎಲ್ಲಾ ಮನಸಿನ ಧೈರ್ಯ ಕಣಮ್ಮ. ಮನಸು ಗಟ್ಟಿ ಇದ್ರೆ ಯಾವ ಕ್ಯಾನ್ಸರ್ ಏನು ಮಾಡುತ್ತೆ?" ಎಂದು ಸುಮಾಳ ಬೆನ್ನು ತಟ್ಟಿದರು. ಆಮೇಲೆ ಈ ಕಡೆ ತಿರುಗಿ, "ನೀನು ಆಗ ಬಹಳ ಅತ್ಬಿಟ್ಟೆ ಸತ್ಯ. ಹಾಸಿಗೆ ಬಿಟ್ಟು ಏಳ್ಲೇ ಇಲ್ಲ. ಧೈರ್ಯ ತಂದ್ಕೊಂಡಿದ್ರೆ ನಿಂಗೂ ಅಷ್ಟೊಂದು ಆಗ್ತಿರ್ಲಿಲ್ವೇನೋ" ಎಂದರು.

ಎಲೆಯ ಮೇಲೆ ಆಗತಾನೆ ಹೋಳಿಗೆ ಬಿದ್ದಿತ್ತು. ಸತ್ಯವತಿ ಅದನ್ನೇ ನೋಡುತ್ತಾ ಕೂತಳು. ತಮ್ಮಿಬ್ಬರ ಮೈಗೆ ಇಳಿದದ್ದು ಬೇರೆ ಬೇರೆ ಮದ್ದು ಎಂದು ಈ ಮುದುಕಿಗೆ ಯಾರು ಹೇಳಬೇಕು? ಸುಮಾ ಹೇಳಬಹುದಿತ್ತು. ಅವಳು ತಲೆ ತಗ್ಗಿಸಿ ನಕ್ಕಳು, ಅಷ್ಟೇ. ಬಹುಶಃ ಮುಜುಗರಕ್ಕೆ ನಕ್ಕಿದ್ದು. ಸತ್ಯವತಿಗೆ ಹಾಗೆ ಕಾಣಲಿಲ್ಲ.

ಕೈ ತೊಳೆಯುವ ಕಡೆ ಅಕ್ಕತಂಗಿಯರಿಬ್ಬರೇ ಆದಾಗ ಅವಳ ಬಾಯಿಂದ ಮಾತು ಬಂದೇಬಿಟ್ಟಿತು. ದನಿ ಮಾತ್ರ ಬಹಳ ಮೆತ್ತಗಿತ್ತು.

"ಸುಮಾ, ನಾನು ಹೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡ. ಮದ್ದು ಕೆಲಸ ಮಾಡ್ತಿದ್ರೆ ಕೂದಲು ಹೋಗ್ಲೇಬೇಕು ಕಣೆ. ಮೈಗೆ ನಾಟಿದ್ರೆ ತಾನೇ ಕಾಯಿಲೆಗೂ ನಾಟೋದು? ನಂಗೆ ಅಷ್ಟು ಕಷ್ಟ ಆಗಿದ್ದಕ್ಕೇ ವಾಸಿ ಆಯ್ತು. ನಿಂಗೆ ಏನೂ ಆಗ್ತಿಲ್ಲ ಅಂದ್ರೆ... ಏನೋಪ್ಪ. ನಂಗೆ ಭಯ."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಸುಮಾ ಕೈ ತೊಳೆಯುವುದನ್ನು ನಿಲ್ಲಿಸಿದಳು. "ಹೌದಾ ಅಕ್ಕ?" ಎಂದಳು, ಚಿಕ್ಕಂದಿನಲ್ಲಿ ಕೇಳುತ್ತಿದ್ದ ಹಾಗೆ. ಇಡೀ ಬಳಗದಲ್ಲಿ ಈ ವಿಷಯ ಗೊತ್ತಿದ್ದವಳು ಅಕ್ಕ ಒಬ್ಬಳೇ ಅಲ್ಲವೇ?

ಸತ್ಯವತಿ ಅಲ್ಲೇ ಮಾತು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಆ ಸಂಜೆ ಮನೆಗೆ ಬಂದು ಚೆನ್ನಾಗಿ ನಿದ್ದೆಯನ್ನೂ ಮಾಡಿದಳು.

ಮುಂದಿನ ಡ್ರಿಪ್ಪಿನ ದಿನ ತಾನೂ ಬರುತ್ತೇನೆಂದಾಗ ಸುಮಾ, "ಬೇಡ ಅಕ್ಕ, ಇವ್ರಿಗೆ ರಜ ಇದೆ, ಬರ್ತಾರೆ" ಎಂದಿದ್ದಳು. ಆ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಸತ್ಯವತಿಗೆ ಫೋನು ಬಂತು. ಸುಮಾ ಬಂದಿಲ್ಲ, ಫೋನ್ ತೆಗೆಯುತ್ತಿಲ್ಲ, ಜೊತೆಯವರೆಂದು ನಿಮ್ಮ ನಂಬರ್ ಕೊಟ್ಟಿದ್ದಾರೆ ಎಂದಳು ನರ್ಸ್.

ಸತ್ಯವತಿ ಉಟ್ಟ ಸೀರೆಯಲ್ಲೇ ಪೇಟೆಬೀದಿಗೆ ನಡೆದಳು. ಅಂಗಡಿಯಲ್ಲಿ ಸುಮಾ ಒಬ್ಬಳೇ ಕೂತಿದ್ದಳು. ಮುಂದೆ ಒದ್ದೆ ಬಟ್ಟೆಯ ಮೇಲೆ ಮೊಗ್ಗು ರಾಶಿಬಿದ್ದಿತ್ತು. ಕಟ್ಟುತ್ತಿರಲಿಲ್ಲ, ಸುಮ್ಮನೆ ಕೂತಿದ್ದಳು.

"ಏನೇ ಇದು? ಯಾಕೆ ಹೋಗ್ಲಿಲ್ಲ?"

"ನಂಗೆ ಆ ಮದ್ದು ಬೇಡ ಅಕ್ಕ."

"ಬೇಡ ಅಂದ್ರೆ?"

"ನಿಂಗೆ ಕೊಟ್ಟಿದ್ರಲ್ಲ, ಅದೇ ಬೇಕು. ಕೂದಲು ಹೋದ್ರೆ ಹೋಗ್ಲಿ. ವಾಂತಿ ಆಗ್ಲಿ. ನೀನು ಬದುಕಿದ್ದೀಯಲ್ಲ, ನಂಗೆ ಅದೇ ಬೇಕು." ಸುಮಾ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. "ನಾನು ಕನ್ನಡೀಲಿ ನೋಡ್ಕೊಂಡಾಗೆಲ್ಲ ಈ ಜಡೆ ನೋಡಿ ಭಯ ಆಗುತ್ತೆ. ಇದಿನ್ನೂ ಇದೆ ಅಂದ್ರೆ ಒಳಗೆ ಅದೂ ಇದೆ ಅಂತ."

ಸತ್ಯವತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೊದಲ ಗಳಿಗೆಯಲ್ಲಿ ಅವಳಿಗೆ ಆದದ್ದು ಸಂತೋಷ. ಇಷ್ಟು ವರ್ಷದಲ್ಲಿ ಮೊದಲ ಸಲ ಯಾರೋ ಅವಳ ಪಾಲಿಗೆ ಬಂದದ್ದನ್ನು ತಮಗೆ ಬೇಕು ಎಂದಿದ್ದರು. ಆ ಸಂತೋಷ ಒಂದು ಉಸಿರಿನಷ್ಟು ಹೊತ್ತು ಇತ್ತು. ಮರುಗಳಿಗೆಯಲ್ಲೇ ತಾನು ಏನು ಮಾಡಿಟ್ಟಿದ್ದೇನೆ ಎಂಬುದು ಕಣ್ಣಿಗೆ ಕಟ್ಟಿತು.

"ಏಳು" ಎಂದಳು. "ಏಳೇ ಮೇಲೆ. ಈಗ್ಲೇ ಹೋಗ್ಬೇಕು."

"ಅಕ್ಕ, ಜಡೆ ಆರ್ಡರ್..."

"ಜಡೆ ಮನೆ ಹಾಳಾಗ್ಲಿ. ಏಳು ಅಂದ್ನಲ್ಲ!"

ಡಾಕ್ಟರ್ ಅಸ್ಮಾ ಸುಮಾಳ ಮಾತನ್ನೆಲ್ಲ ಕೇಳಿಕೊಂಡರು. ಮಧ್ಯೆ ತಡೆಯಲಿಲ್ಲ. ಕೊನೆಯಲ್ಲಿ, "ಕೂದಲು ಹೋಗ್ಲೇಬೇಕು ಅಂತ ಯಾರು ಹೇಳಿದ್ದು ನಿಮಗೆ?" ಎಂದರು.

ಸುಮಾ, "ಯಾರೋ ಮದುವೆ ಮನೇಲಿ..." ಎಂದು ರಾಗ ಎಳೆದಳು. ಅಕ್ಕನ ಕಡೆ ನೋಡಲಿಲ್ಲ.

"ನಾನೇ ಹೇಳಿದ್ದು ಡಾಕ್ಟ್ರೆ" ಎಂದಳು ಸತ್ಯವತಿ.

ಡಾಕ್ಟರ್ ಅವಳ ಕಡೆ ತಿರುಗಿದರು. ಬೈಯಲಿಲ್ಲ. "ನಿಮಗೆ ಹಾಗೆ ಅನ್ನಿಸೋದು ಸಹಜ. ಆದ್ರೆ ಕೂದಲು ಹೋಗಿದ್ದಕ್ಕೂ ನಿಮಗೆ ವಾಸಿಯಾಗಿದ್ದಕ್ಕೂ ಸಂಬಂಧ ಇಲ್ಲ ಸತ್ಯವತಿ ಅವರೇ. ಆ ಮದ್ದಿಗೆ ಕ್ಯಾನ್ಸರ್ ಯಾವುದು, ಕೂದಲ ಬೇರು ಯಾವುದು ಅಂತ ವ್ಯತ್ಯಾಸ ಗೊತ್ತಾಗ್ತಿರ್ಲಿಲ್ಲ, ಅಷ್ಟೇ. ನಿಮ್ಮ ಕಷ್ಟ ಮದ್ದಿನ ಭಾಗ ಅಲ್ಲ. ಅದು ತಪ್ಪಿಸೋಕೆ ನಮಗೆ ಆಗ ಬರ್ತಿರ್ಲಿಲ್ಲ."

ಕಷ್ಟ ಮದ್ದಿನ ಭಾಗ ಅಲ್ಲ. ಸತ್ಯವತಿಗೆ ಕಪಾಳಕ್ಕೆ ಹೊಡೆದಂತಾಯಿತು. ಹಾಗಾದರೆ ಅಷ್ಟೆಲ್ಲ ಅನುಭವಿಸಿದ್ದು ಯಾವುದಕ್ಕೂ ಅಲ್ಲವೇ? ಅದಕ್ಕೆ ಬೆಲೆಯೇ ಇಲ್ಲವೇ?

ಡಾಕ್ಟರ್ ಸುಮಾಳನ್ನು ಪರದೆಯ ಹಿಂದೆ ಮಲಗಿಸಿ ನೋಡಿದರು, ಕೆಳಗಿನ ಮಹಡಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದರು. ಗಂಟು ಮೊದಲಿದ್ದುದರ ಅರ್ಧಕ್ಕೆ ಇಳಿದಿತ್ತು. ಸುಮಾ ನಂಬಲಿಲ್ಲ. ಪರದೆಯ ಹಿಂದೆಯೇ ಅಕ್ಕನನ್ನು ಕರೆದಳು. "ನೀನು ಮೊದ್ಲೇ ಒಂದ್ಸಲ ಮುಟ್ಟಿದ್ಯಲ್ಲ. ಈಗ ಮುಟ್ಟಿ ಹೇಳು. ನೀನು ಹೇಳಿದ್ರೆ ನಂಬ್ತೀನಿ."

ಸತ್ಯವತಿ ಬೆರಳಿಟ್ಟಳು. ಅವಳ ಬೆರಳಿಗೆ ಮೊದಲ ಸಲವೂ ಏನೂ ತಿಳಿದಿರಲಿಲ್ಲ, ಈಗಲೂ ತಿಳಿಯಲಿಲ್ಲ. ಬಟ್ಟೆ ಸುತ್ತಿದ ಬೆರಳಿಗೆ ತಂಗಿಯ ಮೈಯೂ ಒಂದೇ, ಮೇಜೂ ಒಂದೇ. ಸುಮಾ ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತಿದ್ದಳು.

"ಹೂಂ ಕಣೆ. ಸಣ್ಣದಾಗಿದೆ. ಚೆನ್ನಾಗಿ ಗೊತ್ತಾಗ್ತಿದೆ" ಎಂದಳು ಸತ್ಯವತಿ.

ಸುಮಾ ಬಿಕ್ಕಿಬಿಕ್ಕಿ ಅತ್ತಳು. ಔಷಧಿಯನ್ನು ಅಂದೇ ಸಂಜೆ ಹಾಕಿದರು. ಡ್ರಿಪ್ ಇಳಿಯುತ್ತಿದ್ದಾಗ ಸತ್ಯವತಿ ಡಾಕ್ಟರರನ್ನು ಕಾರಿಡಾರಿನಲ್ಲಿ ತಡೆದಳು.

"ನನ್ನ ಗಂಟಿಗೂ ಆ ಗುರುತು ಇತ್ತಾ ಡಾಕ್ಟ್ರೆ? ಇವತ್ತಾಗಿದ್ರೆ ನಂಗೂ ಇದನ್ನೇ ಕೊಡ್ತಿದ್ರಾ?"

"ನಿಮ್ಮ ಹಳೇ ರಿಪೋರ್ಟ್ ನೋಡಿದ್ರೆ ಹೇಳಬಹುದು. ತರ್ತೀರಾ?"

ಅವಳು ಯೋಚಿಸಿದಳು. ಇತ್ತು ಎಂದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ. ಇರಲಿಲ್ಲ ಎಂದರೆ ಉರಿಯುವುದಕ್ಕೂ ಕಾರಣವಿರುವುದಿಲ್ಲ. "ಬೇಡ ಬಿಡಿ" ಎಂದಳು.

ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಆಟೋ ಸಿಕ್ಕಿಹಾಕಿಕೊಂಡಿತು. ಹಾರ್ನುಗಳ ಮಧ್ಯೆ ಸುಮಾ ಇದ್ದಕ್ಕಿದ್ದಂತೆ ಕೇಳಿದಳು.

"ಅಕ್ಕ, ನಾನು ವಾಂತಿ ಮಾಡ್ಕೊಂಡು ಮಲಗಿದ್ರೆ ನಿಂಗೆ ಸಮಾಧಾನ ಆಗ್ತಿತ್ತಾ?"

ಸತ್ಯವತಿ ಹೊರಗೆ ನೋಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸ್ವಲ್ಪ ಆಗ್ತಿತ್ತು."

"ನಂಗೊತ್ತಿತ್ತು. ಅವತ್ತು ತಲೆ ಬಾಚ್ದಾಗ್ಲೇ."

"ಗೊತ್ತಿದ್ದೂ ನನ್ನ ಮಾತು ಯಾಕೆ ನಂಬ್ದೆ?"

"ಹೊಟ್ಟೆಕಿಚ್ಚು ಪಟ್ಟೋರೆಲ್ಲ ಸುಳ್ಳೇ ಹೇಳ್ತಾರಾ?" ಸುಮಾ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. "ಅತ್ತೆ ಅವತ್ತು ಹಾಗಂದಾಗ ನಾನು ಬಾಯಿ ಬಿಡ್ಬೇಕಿತ್ತು. ಹೊಗಳಿಸ್ಕೊಳ್ಳೋಕೆ ಚೆನ್ನಾಗಿತ್ತು ಅಕ್ಕ. ಅದಕ್ಕೇ ಸುಮ್ನಿದ್ದೆ."

ಮನೆ ಮುಂದೆ ಇಳಿಯುವಾಗ ಸುಮಾ ಸುಸ್ತಿನಿಂದ ತೂರಾಡಿದಳು, ಸತ್ಯವತಿ ರೆಟ್ಟೆ ಹಿಡಿದು ಒಳಗೆ ಕರೆದೊಯ್ದಳು.

ಮುಂದಿನ ಸರದಿಗಳಿಗೆಲ್ಲ ಅವಳೇ ಜೊತೆಗೆ ಹೋದಳು. ಬೇಸಿನ್ ಒಯ್ಯುವುದನ್ನು ಬಿಟ್ಟಳು. ಸುಮಾಳಿಗೆ ಒಮ್ಮೆ ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದು, ಸೂಜಿ ಮುಟ್ಟಕೂಡದು ಎಂದು ಡಾಕ್ಟರ್ ಹೇಳಿದರು. ಜಡೆಯ ಕೆಲಸ ಕೆಲವು ದಿನ ನಿಂತಿತು. ಆಗ ಸತ್ಯವತಿಗೆ ಒಳಗೊಳಗೇ ಹಿತವೆನಿಸಲಿಲ್ಲವೆಂದರೆ ಸುಳ್ಳಾದೀತು. ಆದರೆ ಈ ಸಲ ಅದನ್ನು ಬಾಯಿಯವರೆಗೆ ಬರಲು ಬಿಡಲಿಲ್ಲ. ಆಪರೇಷನ್ ಆಯಿತು. ಗಂಟಿನ ಜಾಗದಲ್ಲಿ ಏನೂ ಉಳಿದಿಲ್ಲ ಎಂದರು ಡಾಕ್ಟರ್. ಆಮೇಲೂ ಕೆಲವು ಡ್ರಿಪ್ಪುಗಳಿದ್ದವು.

ಅಂಥ ಒಂದು ದಿನ ಸುಮಾ ಒಳಗೆ ಹೋಗಿದ್ದಳು. ಹೊರಗಿನ ಬೆಂಚಿನಲ್ಲಿ ಸತ್ಯವತಿಯ ಎದುರಿಗೆ ಸೆರಗನ್ನು ತಲೆಗೆ ಬಿಗಿಯಾಗಿ ಹೊದ್ದ ಹೆಂಗಸೊಬ್ಬಳು ಕೂತಿದ್ದಳು. ಹುಬ್ಬಿರಲಿಲ್ಲ. ತುಟಿ ಒಡೆದಿತ್ತು. ಸುಮಾ ಹೋದ ಬಾಗಿಲನ್ನೇ ಅವಳು ದಿಟ್ಟಿಸುತ್ತಿದ್ದಳು. ಆ ನೋಟ ಯಾವುದೆಂದು ಸತ್ಯವತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದು ಹೋಗಿ ಪಕ್ಕದಲ್ಲಿ ಕೂತಳು.

"ಯಾವೂರಮ್ಮ?"

"ರಾಜಾನುಕುಂಟೆ ತಾವ. ಅಂಜಿನಮ್ಮ ಅಂತ." ಬಾಗಿಲ ಕಡೆ ಗಲ್ಲ ತೋರಿಸಿ ಅವಳೇ ಕೇಳಿದಳು. "ಈಗ ಒಳೀಕೋದ್ರಲ್ಲ, ನಿಮ್ಮೋರಾ? ಅವ್ರಿಗೂ ಇದೇ ಕಾಯ್ಲೆನಾ? ಕೂದ್ಲೇ ಓಗಿಲ್ವಲ್ಲ."

"ನನ್ನ ತಂಗಿ. ಇದೇ ಕಾಯಿಲೆ. ಅವಳಿಗೆ ಬೇರೆ ಮದ್ದು."

"ನಂಗ್ಯಾಕೆ ಕೊಡಾಕಿಲ್ವಂತೆ ಅದ್ನ?"

"ಎಲ್ಲರ ಗಂಟಿಗೂ ಅದು ಹೊಂದಲ್ವಂತೆ. ನಂಗೂ ಕೊಡ್ಲಿಲ್ಲ. ನಿಮಗೆ ಕೊಟ್ಟಿರೋದೇ ನಂಗೂ ಕೊಟ್ಟಿದ್ದು, ಹನ್ನೊಂದು ವರ್ಷದ ಹಿಂದೆ."

ಅಂಜಿನಮ್ಮ ಈಗ ಪೂರ್ತಿ ತಿರುಗಿ ಅವಳನ್ನು, ಅವಳ ತಲೆಗೂದಲನ್ನು, ಕೈಗಳನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ಯೋಳಬಾರ್ದು. ಆಯಮ್ಮುನ್ನ ನೋಡ್ತಿದ್ರೆ ಒಟ್ಟೆ ಉರೀತದೆ ಕಣಕ್ಕ."

"ಉರೀಲಿ ಬಿಡಿ. ನಂಗೂ ಉರೀತು. ಈಗ್ಲೂ ಒಂದೊಂದ್ಸಲ ಉರಿಯುತ್ತೆ."

"ಒಡಹುಟ್ಟಿದೋಳ ಮೇಲೇನಾ?"

"ಅವಳ ಮೇಲೇನೇ."

ಅಂಜಿನಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ನಕ್ಕದ್ದಕ್ಕೆ ತುಟಿ ಬಿರಿದು ನೋವಾಗಿ ಮುಖ ಕಿವುಚಿದಳು. ಸತ್ಯವತಿ ಬೆಂಚಿನಲ್ಲಿ ಇನ್ನಷ್ಟು ಹತ್ತಿರಕ್ಕೆ ಸರಿದಳು.

"ಬಾಯಲ್ಲಿ ಹುಣ್ಣಾಗಿದ್ಯಾ? ಖಾರ ಮುಟ್ಟಬೇಡಿ. ಉಪ್ಪುನೀರಲ್ಲಿ ಮೆಲ್ಲಗೆ ಬಾಯಿ ಮುಕ್ಕಳಿಸಿ. ಬೆರಳು ಜೋಮು ಹಿಡಿಯೋದಕ್ಕೆ ಶುರುವಾಗಿದ್ರೆ ಇವತ್ತೇ ಡಾಕ್ಟ್ರಿಗೆ ಹೇಳ್ಬೇಕು ನೀವು, ನನ್ನ ಹಾಗೆ ಮುಚ್ಚಿಟ್ಕೋಬೇಡಿ. ಎಲ್ಲಿ, ಕೈ ಕೊಡಿ ನೋಡೋಣ."

ಅಂಜಿನಮ್ಮ ಕೈ ಚಾಚಿದಳು.